ವಿ-ಕ್ರಾಸ್ ಹಿಂದುಗಡೆ ಕುಣಿತ: ಹಾಸನದ ಕಮಾನು ಅಂಗಡಿಯಲ್ಲಿ ಪ್ಲೇಟು ತೆಗೆಸದೇ ಮೆತ್ತಗಾಯಿತು

ಇಸುಜು ವಿ-ಕ್ರಾಸ್ ಪಿಕಪ್ ಇಟ್ಟುಕೊಂಡವರಿಗೆ ಈ ಕಾಯಿಲೆ ಗೊತ್ತೇ ಇರುತ್ತದೆ. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲಾರಿಯ ಹಾಗೆ ಕಮಾನು ಪ್ಲೇಟು. ಹಿಂದಿನ ಲೋಡ್ ಟ್ರೇ ಖಾಲಿ ಇದ್ದರೆ ಹಾಸನ ಬಿಟ್ಟು ಆಲೂರು ದಾಟುವಷ್ಟರಲ್ಲಿ ಹಿಂದಿನ ಸೀಟಿನವರು ಬೈಯೋಕೆ ಶುರು ಮಾಡುತ್ತಾರೆ. ಶಿರಾಡಿ ಘಾಟಿಯ ಕಾಂಕ್ರೀಟಿನಲ್ಲಂತೂ ಪ್ರತಿ ಜಾಯಿಂಟೂ ಸೊಂಟಕ್ಕೆ ಗೊತ್ತಾಗುತ್ತದೆ. ನಮ್ಮಮ್ಮ ಈ ಗಾಡಿಗೆ ಹತ್ತೋದೇ ಇಲ್ಲ ಅಂತ ಹಟ ಹಿಡಿದ ಮೇಲೆ ಏನಾದರೂ ಮಾಡಲೇಬೇಕಾಯಿತು.

ಬೆಂಗಳೂರಿನ ಒಂದು ಆಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ ಗಾಡಿ ಎತ್ತರಿಸುವ ಪೂರ್ತಿ ಲಿಫ್ಟ್ ಕಿಟ್ ಹಾಕಿಸಿ ಅಂದರು, ಲಕ್ಷದ ಮೇಲೆ ಲೆಕ್ಕ. ಆದರೆ ಅವರು ತೋರಿಸಿದ್ದು ಜಾಸ್ತಿ ಭಾರ ಹೊರೋಕೆ ಮಾಡಿದ ಸ್ಪ್ರಿಂಗು. ಖಾಲಿ ಓಡಿಸುವವರಿಗೆ ಅದು ಇನ್ನೂ ಗಟ್ಟಿ ಆಗುತ್ತದೆ ಅಲ್ವಾ? ಓಲ್ಡ್ ಮ್ಯಾನ್ ಈಮೂ ತರದ ಕಂಪನಿಗಳು ಹಿಂದಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಬೇರೆ ಬೇರೆ ಮಾಡಿ ಮಾರುತ್ತವೆ. ಯಾವ ಭಾರದ್ದು ಅಂತ ಕೇಳದೆ ದುಡ್ಡು ಕೊಡಬೇಡಿ.

ಕೊನೆಗೆ ಹೋಗಿದ್ದು ಹಾಸನದ ಬಿ.ಎಂ. ರೋಡಿನ ಕಡೆ ಇರುವ ಒಂದು ಲಾರಿ ಕಮಾನು ಅಂಗಡಿಗೆ. ಬೋರ್ಡು ನೋಡಿದರೆ ಯಾರೂ ಒಳಗೆ ಹೋಗಲ್ಲ, ಅಷ್ಟು ಮಸಿ. ಒಂದು ಪ್ಲೇಟು ತೆಗೆದುಬಿಡಿ ಅಂದೆ. ಮೇಸ್ತ್ರಿ ಗಾಡಿ ಕೆಳಗೆ ಹೋಗಿ ಬಂದು, "ಈಗಲೇ ಬೇಡ ಸಾರ್, ಮೊದಲು ಬಿಚ್ಚಿ ನೋಡೋಣ" ಅಂದರು. ನನಗೆ ಇಷ್ಟವಾಗಿದ್ದೇ ಇದು. ಬೇರೆ ಕಡೆ ಆಗಿದ್ದರೆ ತಳದ ದಪ್ಪ ಪ್ಲೇಟು ಎಳೆದು ಹಾಕಿ ಕಳಿಸುತ್ತಿದ್ದರು. ಆದರೆ ಆ ತಳದ ನೇರ ಪ್ಲೇಟು ಇರೋದು ಲೋಡ್ ಬಿದ್ದಾಗ ಆಸರೆಯಾಗೋಕೆ. ಖಾಲಿ ಗಾಡಿಯಲ್ಲಿ ಅದು ಸುಮ್ನೆ ಕೂತಿರುತ್ತದೆ. ಅದನ್ನು ತೆಗೆದರೆ ಮೆತ್ತಗೂ ಆಗಲ್ಲ, ಕಾಫಿ ಕುಯ್ಲಿನಲ್ಲಿ ಮೂಟೆ ಹಾಕಿದಾಗ ಹಿಂದುಗಡೆ ಕುಸಿಯುತ್ತದೆ. ಮೇಲಿನ ಪ್ಲೇಟು ತೆಗೆಯೋದೂ ಅಂದಾಜಿನ ಕೆಲಸವಲ್ಲ. ಪ್ಲೇಟಿನ ದಪ್ಪ ಎರಡು ಪಟ್ಟಾದರೆ ಅದರ ಬಿಗಿ ಎಂಟು ಪಟ್ಟಾಗುತ್ತದೆ, ಹಾಗಾಗಿ ಯಾವುದನ್ನು ತೆಗೆದಿರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಬಿಚ್ಚಿದಾಗ ಪ್ಲೇಟುಗಳ ನಡುವೆ ಕೆಂಪು ಮಣ್ಣು, ತುಕ್ಕು. ತುದಿಯ ಪ್ಯಾಡುಗಳು ಸವೆದು ಹೋಗಿದ್ದವು. ಕಮಾನು ಬಗ್ಗಬೇಕಾದರೆ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು, ಹಿಡಿದುಕೊಂಡರೆ ಸಣ್ಣ ಗುಂಡಿಗೆ ಬಗ್ಗೋದೇ ಇಲ್ಲ, ಹೊಡೆತ ನೇರ ಚಾಸಿಗೆ ಬರುತ್ತದೆ. ವೈರ್ ಬ್ರಷ್‌ನಲ್ಲಿ ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ, ಹೊಸ ಪ್ಯಾಡು, ಕಮಾನಿನ ತುದಿಗೆ ಹೊಸ ರಬ್ಬರ್ ಬುಷ್ ಹಾಕಿದರು. ಬುಷ್ ಬೋಲ್ಟನ್ನು ಜಾಕ್ ಮೇಲಿದ್ದಾಗ ಪೂರ್ತಿ ಬಿಗಿ ಮಾಡಲಿಲ್ಲ. ಗಾಡಿ ಇಳಿಸಿ, ಚಕ್ರದ ಮೇಲೆ ನಿಂತ ಮೇಲೆ ಬಿಗಿ ಮಾಡಿದರು. ಎತ್ತಿದಾಗಲೇ ಬಿಗಿ ಮಾಡಿದರೆ ರಬ್ಬರು ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಇದನ್ನು ಹೇಳಿಸಿಕೊಳ್ಳದೇ ಮಾಡುವ ಗ್ಯಾರೇಜು ಕಮ್ಮಿ.

ಇನ್ನೊಂದು, ಟೈರಿನ ಗಾಳಿ. ಪಂಕ್ಚರ್ ಅಂಗಡಿಯವರು ಪಿಕಪ್ ಅಂದ ಕೂಡಲೇ ನಲವತ್ತು ದಾಟಿಸಿಬಿಡುತ್ತಾರೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ, ಖಾಲಿ ಗಾಡಿಗೆ ಬರೆದಷ್ಟೇ ಇಡಿ. ಇದಕ್ಕೆ ಕಾಸೂ ಖರ್ಚಿಲ್ಲ.

ಈಗ ಹೇಗಿದೆ? ಕಾರು ಆಗಿಲ್ಲ, ಆಗೋದೂ ಇಲ್ಲ. ಚೂಪಾದ ಹಂಪ್‌ಗೆ ಈಗಲೂ ಹಿಂದುಗಡೆ ಒಂದು ಸಲ ಎಗರುತ್ತದೆ. ಆದರೆ ಕಾಂಕ್ರೀಟ್ ಜಾಯಿಂಟಿನ ಆ ಟಕಟಕ ಬಹಳ ಕಮ್ಮಿಯಾಗಿದೆ, ಕಿರ್‌ಕಿರ್ ಸದ್ದೂ ಹೋಯಿತು. ಅಮ್ಮ ಸಕಲೇಶಪುರದವರೆಗೆ ಮಾತಾಡದೇ ಬಂದರು, ಅದು ಅವರ ಮಟ್ಟಿಗೆ ಹೊಗಳಿಕೆ. ಶಾಕ್ ಅಬ್ಸಾರ್ಬರ್ ಸದ್ಯಕ್ಕೆ ಹಳೆಯದೇ, ಎಣ್ಣೆ ಸೋರುತ್ತಿಲ್ಲ.

ಅಂಗಡಿಯಲ್ಲಿ ಕೊರತೆಯೂ ಇದೆ. ಕಮಾನನ್ನು ಆಕ್ಸಲ್‌ಗೆ ಹಿಡಿದಿಡುವ ಹಳೇ ಯು-ಬೋಲ್ಟುಗಳನ್ನೇ ಮತ್ತೆ ಹಾಕೋಕೆ ಹೊರಟಿದ್ದರು, ನಾನು ಹೇಳಿದ ಮೇಲೆ ಹೊಸದು ತರಿಸಿದರು. ಬಿಲ್ಲು ಕೇಳಿದರೆ ಕಾಗದದ ಚೂರಲ್ಲಿ ಬರೆದುಕೊಟ್ಟರು. ಕೂರೋಕೆ ಜಾಗ ಇಲ್ಲ. ಬೊಲೆರೊ ಪಿಕಪ್ ತರದ ಕಮರ್ಷಿಯಲ್ ಗಾಡಿಯವರು ಇನ್ನೊಂದು ವಿಷಯ ಕೇಳಿ ಮಾಡಿಸಿ: ಆಕ್ಸಲ್‌ಗೂ ಚಾಸಿಗೂ ನಡುವೆ ಕಡ್ಡಿ ಇರುವ ಬ್ರೇಕ್ ವಾಲ್ವ್ ಇದ್ದರೆ, ಪ್ಲೇಟು ತೆಗೆದು ಎತ್ತರ ಇಳಿದಾಗ ಅದು ಲೋಡ್ ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಬಹುದು. ಅದನ್ನು ಸೆಟ್ ಮಾಡೋರು ಈ ಅಂಗಡಿಯಲ್ಲಿ ಇಲ್ಲ.

ಹೋಗೋದಾದರೆ ಬೆಳಿಗ್ಗೆ ಬೇಗ ಹೋಗಿ, ಲಾರಿಗಳು ಬಂದು ನಿಂತರೆ ನಿಮ್ಮ ಸರದಿ ಸಂಜೆಗೇ. ಸ್ವಲ್ಪ ದಿನ ಓಡಿಸಿದ ಮೇಲೆ ಯು-ಬೋಲ್ಟ್ ಇನ್ನೊಮ್ಮೆ ಬಿಗಿ ಮಾಡಿಸಿಕೊಳ್ಳಿ, ಅದಕ್ಕೆ ಅವರು ದುಡ್ಡು ತಗೊಳ್ಳಲ್ಲ.