ಗ್ರೀನ್ ಆಪಲ್ ಅಂತ ಬೇರೆ ಸೇಬು ಕೊಟ್ಟರು, ದಾವಣಗೆರೆಯವರು ಹುಷಾರಾಗಿರಿ

ಬರೆಯಲೋ ಬೇಡವೋ ಅಂತ ಮೂರು ದಿನ ಸುಮ್ನಿದ್ದೆ. ನಾಚಿಕೆ ಆಗುತ್ತಿತ್ತು. ಮೂವತ್ತು ವರ್ಷದಿಂದ ಮನೆಗೆ ಹಣ್ಣು ತರಕಾರಿ ತರುವವಳು ನಾನೇ, ಸೇಬು ಕೊಳ್ಳೋದರಲ್ಲಿ ಮೋಸ ಹೋದೆ. ಆದರೆ ಇದು ಮದುವೆ, ಸೀಮಂತದ ಕಾಲ. ಇನ್ನೊಬ್ಬರು ಇದೇ ಮೋಸಕ್ಕೆ ಸಿಗೋದು ಬೇಡ.

ಮಗಳ ಸೀಮಂತ ಇತ್ತು. ಉಡಿ ತುಂಬಲು, ತಟ್ಟೆಯಲ್ಲಿ ಇಡಲು ಒಂದು ಬಾಕ್ಸ್ ಕೆಂಪು ಸೇಬು ಬೇಕಿತ್ತು. ಅದರ ಜೊತೆ ಆರು ಕೆಜಿ ಗ್ರೀನ್ ಆಪಲ್, ಉಪ್ಪಿನಕಾಯಿಗೆ. ಮಾವಿನಕಾಯಿ ಸಿಗೋ ಕಾಲದಲ್ಲಿ ಇದ್ಯಾಕೆ ಅಂತ ನಮ್ಮ ಅತ್ತೆ ಕೇಳಿದರು. ಬಸುರಿ ಬಯಕೆ, ಇಲ್ಲ ಅನ್ನೋಕೆ ಆಗುತ್ತಾ? ಸಣ್ಣಗೆ ಹೆಚ್ಚಿ, ಉಪ್ಪು, ಖಾರದಪುಡಿ, ಹುರಿದ ಮೆಂತ್ಯದ ಪುಡಿ ಹಾಕಿ ಇಂಗಿನ ಒಗ್ಗರಣೆ ಕೊಟ್ಟರೆ ತುಂಬಾ ರುಚಿ. ಆದರೆ ಕಾಯಿ ಹುಳಿ ಇರಬೇಕು, ಗಟ್ಟಿ ಇರಬೇಕು. ಅದು ಗ್ರ್ಯಾನಿ ಸ್ಮಿತ್ ತಳಿ, ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. ನಮ್ಮ ಕಡೆ ಗ್ರೀನ್ ಆಪಲ್ ಅಂದರೆ ಎಲ್ಲರೂ ಅದನ್ನೇ ಕೇಳೋದು, ಅಲ್ವಾ?

ಪರಿಚಯದವರು ಹೇಳಿದರು ಅಂತ ಒಂದು ಅಂಗಡಿಗೆ ಫೋನ್ ಮಾಡಿದೆ. ಹೆಸರು ಇಲ್ಲಿ ಹಾಕೋದಿಲ್ಲ. "ಅಕ್ಕಾ, ಮೊನ್ನೆ ಶಿಮ್ಲಾದಿಂದ ಇಳಿದಿರೋ ಹೊಸ ಮಾಲು. ನೀವು ಬರೋದೇ ಬೇಡ, ಮನೆಗೇ ಕಳಿಸ್ತೀನಿ" ಅಂದ. ಪೂರ್ತಿ ದುಡ್ಡು ಮೊದಲೇ ಫೋನ್‌ಪೇ ಮಾಡಿದೆ. ಇದೇ ನಾನು ಮಾಡಿದ ತಪ್ಪು.

ಸೀಮಂತದ ಹಿಂದಿನ ಸಂಜೆ ಮಾಲು ಬಂತು. ಬಾಕ್ಸಿನ ಮೇಲಿನ ಪದರ ಕೆಂಪಗೆ, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಖುಷಿಯಾಯಿತು. ಕೆಳಗಿನ ಟ್ರೇ ಎತ್ತಿದರೆ ಕಾಯಿ ಸಣ್ಣವು, ತೊಟ್ಟಿನ ಹತ್ತಿರ ಸಿಪ್ಪೆ ಸುಕ್ಕು. ಒಂದು ಕೊಯ್ದೆ. ಚಾಕು ಹಾಕಿದರೆ ಕಟ್ ಅಂತ ಸದ್ದೇ ಇಲ್ಲ, ಬೆಂದ ಆಲೂಗಡ್ಡೆಗೆ ಹಾಕಿದ ಹಾಗೆ ಮೆತ್ತಗೆ ಇಳಿಯಿತು. ಬಾಯಿಗೆ ಹಾಕಿದರೆ ಹಿಟ್ಟು ಹಿಟ್ಟು. ರಸವೇ ಇಲ್ಲ.

ಆಗ ಹೊಳೆಯಿತು. ಇದು ಏಪ್ರಿಲ್. ಏಪ್ರಿಲ್‌ನಲ್ಲಿ ಶಿಮ್ಲಾದ ಕಡೆ ಸೇಬಿನ ಮರದಲ್ಲಿ ಹೂವು ಇರುತ್ತೆ, ಹಣ್ಣಲ್ಲ! ಅಲ್ಲಿ ಹೊಸ ಫಸಲು ಶುರುವಾಗೋದೇ ಜುಲೈನಲ್ಲಿ. ಕಾಶ್ಮೀರದ ಕೆಂಪು ಡೆಲಿಷಿಯಸ್ ತಳಿ ಬರೋದು ಸೆಪ್ಟೆಂಬರ್, ಅಕ್ಟೋಬರ್‌ಗೆ. ಅಂದರೆ ನನಗೆ ಬಂದಿದ್ದು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿದ್ದ ಮಾಲು. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಫೋನಿನಲ್ಲಿ "ಹೊಸ ಮಾಲು" ಅಂದಾಗ ತಲೆಗೆ ಬರಲಿಲ್ಲ, ಅಷ್ಟೇ. ಸ್ಟೋರೇಜಿನ ಸೇಬೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಇಟ್ಟಿದ್ದರೆ ಗಟ್ಟಿಯಾಗೇ ಇರುತ್ತೆ. ಹಳೆಯದನ್ನು ಹಳೆಯದು ಅಂತ ಹೇಳಿ ಮಾರಲಿ.

ಇಷ್ಟೇ ಆಗಿದ್ದರೆ ಬಿಡುತ್ತಿದ್ದೆ. ಉಪ್ಪಿನಕಾಯಿಗೆ ಅಂತ ಹಸಿರು ಕಾಯಿ ಹೆಚ್ಚೋಕೆ ಕೂತೆವು. ನಮ್ಮ ಅತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡು, "ಇದು ಸಿಹಿ ಅದಲ್ಲೇ" ಅಂದರು. ನಾನೂ ತಿಂದೆ. ಸಿಹಿ! ಹುಳಿಯ ಸುಳಿವೇ ಇಲ್ಲ. ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಗಾಢ ಹಸಿರಲ್ಲ, ಹಳದಿ ಮಿಶ್ರಿತ ತಿಳಿ ಹಸಿರು, ಮೈಮೇಲೆಲ್ಲ ಕಂದು ಚುಕ್ಕೆ. ಎಲ್ಲದರ ಸ್ಟಿಕ್ಕರ್ ಕಿತ್ತಿದ್ದರು, ಸಿಪ್ಪೆಯ ಮೇಲೆ ಅಂಟಿನ ಗುರುತು ಹಾಗೇ ಇತ್ತು. ಒಂದರಲ್ಲಿ ಮಾತ್ರ ಕೀಳೋದು ಮರೆತಿದ್ದರು. ಅದರ ಮೇಲೆ 4020 ಅಂತ ತಳಿ ಗುರುತಿಸೋ ನಂಬರ್. ತಂಗಿಯ ಮಗ ಮೊಬೈಲಿನಲ್ಲಿ ನೋಡಿ, "ದೊಡ್ಡಮ್ಮಾ, 4020 ಅಂದ್ರೆ ಗೋಲ್ಡನ್ ಡೆಲಿಷಿಯಸ್. ಗ್ರ್ಯಾನಿ ಸ್ಮಿತ್ ನಂಬರ್ 4017" ಅಂದ.

ಮೈಯೆಲ್ಲ ಉರಿದುಹೋಯಿತು. ಸ್ಟಿಕ್ಕರ್ ಕಿತ್ತು ಕೊಟ್ಟಿದ್ದಾರೆ ಅಂದರೆ ಗೊತ್ತಿದ್ದೇ ಕೊಟ್ಟಿದ್ದಾರೆ.

ಕೂಡಲೇ ಫೋನ್ ಮಾಡಿದೆ. ಅವನ ಮಾತು ಕೇಳಿ: "ಅಕ್ಕಾ, ಹಸಿರು ಐತಲ್ಲ? ಗ್ರೀನ್ ಆಪಲ್ ಅಂದ್ರೆ ಹಸಿರೇ ತಾನೆ." ಉಪ್ಪಿನಕಾಯಿಗೆ ಅಂತ ಹೇಳಿದ್ದೆನಲ್ಲಪ್ಪ ಅಂದೆ. "ಹುಳಿ ಬೇಕು ಅಂತ ನೀವು ಹೇಳಿಲ್ಲ." ಕೆಂಪು ಸೇಬು ಹಿಟ್ಟು ಹಿಟ್ಟಾಗಿದೆ ಅಂದೆ. "ಸೀಮಂತಕ್ಕೆ ತಾನೆ, ತಟ್ಟೆಯಲ್ಲಿ ಚೆಂದ ಕಂಡ್ರೆ ಸಾಕಲ್ವಾ." ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತೆ. ಮುತ್ತೈದೆಯರು ಮನೆಗೆ ಹೋಗಿ ಮಕ್ಕಳಿಗೆ ಕೊಯ್ದು ಕೊಡುವ ಹಣ್ಣದು. ತಟ್ಟೆಯಲ್ಲಿ ಚೆಂದ ಕಂಡರೆ ಸಾಕಂತೆ! ದುಡ್ಡು ವಾಪಸ್ ಕೇಳಿದರೆ, "ಬಾಕ್ಸ್ ಒಡೆದ ಮೇಲೆ ಆಗಲ್ಲಕ್ಕಾ." ಒಡೆಯದೆ ಒಳಗೇನಿದೆ ಅಂತ ಗೊತ್ತಾಗೋದು ಹೇಗೆ?

ಆಮೇಲೆ ಫೋನ್ ಎತ್ತಲಿಲ್ಲ. ವಾಟ್ಸಾಪಿಗೆ ಫೋಟೋ ಹಾಕಿದೆ, ನೋಡಿದ ಗುರುತು ಬಂತು. ಉತ್ತರ ಇಲ್ಲ.

ಆ ರಾತ್ರಿ ನಮ್ಮವರು ಹೋಗಿ ಮಾವಿನಕಾಯಿ ತಂದರು. ಗೋಲ್ಡನ್ ಸೇಬನ್ನು ತುರಿದು ತುಪ್ಪದಲ್ಲಿ ಬಾಡಿಸಿ ಕೇಸರಿಬಾತಿಗೆ ಹಾಕಿದೆವು. ಅದಕ್ಕೆ ಆ ಹಣ್ಣು ಒಳ್ಳೆಯದೇ, ಸಿಹಿ ಇರುತ್ತೆ, ಬೇಗ ಕರಗುತ್ತೆ. ಹಣ್ಣಿನ ಮೇಲೆ ನನಗೆ ಸಿಟ್ಟಿಲ್ಲ. ಕೆಂಪು ಡೆಲಿಷಿಯಸ್ ಮಾತ್ರ ಅಡುಗೆಗೂ ಬರಲಿಲ್ಲ. ಬೇಯಿಸಿದರೆ ಸಪ್ಪೆ ಮುದ್ದೆ. ಅದನ್ನು ಸೀಸನ್ನಿನಲ್ಲಿ ಹಸಿಯಾಗೇ ತಿನ್ನಬೇಕು. ಈ ತಿಂಗಳಲ್ಲಿ ಬರೀ ತಿನ್ನೋಕೆ ಆದರೆ ನಾನು ಫ್ಯೂಜಿ ತಳಿ ತಗೋತೀನಿ, ಸಾಮಾನ್ಯವಾಗಿ ಗಟ್ಟಿ ಇರುತ್ತೆ.

ನೀವು ಬಾಕ್ಸ್ ತಗೊಂಡರೆ ತಳದ ಟ್ರೇವರೆಗೂ ಎತ್ತಿಸಿ ನೋಡಿ. ಒಂದು ಕೊಯ್ಸಿ. ಹೊಳಪು ನೋಡಿ ಮರುಳಾಗಬೇಡಿ, ಮೇಣ ಹಚ್ಚಿದರೆ ಹಳೆಯದೂ ಹೊಳೆಯುತ್ತೆ. ತಳಿಯ ಹೆಸರು ಹೇಳಿ ಕೇಳಿ, ಸ್ಟಿಕ್ಕರ್ ಕಿತ್ತ ಹಣ್ಣು ಮುಟ್ಟಬೇಡಿ. ಮುಂಚೆ ದುಡ್ಡು ಹಾಕಲೇಬೇಡಿ.

4020ರ ಆ ಸ್ಟಿಕ್ಕರನ್ನು ಕಿತ್ತು ಕ್ಯಾಲೆಂಡರಿಗೆ ಅಂಟಿಸಿ ಇಟ್ಟಿದ್ದೇನೆ. ಸೋಮವಾರ ಅದನ್ನು ಹಿಡಿದುಕೊಂಡು ಅಂಗಡಿಗೇ ಹೋಗುತ್ತೇನೆ.