ಹಳೆ ಹ್ಯಾಂಡಿಕ್ಯಾಮ್ ಕ್ಯಾಸೆಟ್ ಕಾಪಿ ಮಾಡಿಸಿದ್ದು: ಐದರಲ್ಲಿ ನಾಲ್ಕು ಸ್ಟಾರ್

ಮಿನಿ ಡಿವಿ ಕ್ಯಾಸೆಟ್ ಕಂಪ್ಯೂಟರಿಗೆ ಹಾಕಿಕೊಡುವವರು ಮಂಗಳೂರಲ್ಲಿ ಇನ್ನೂ ಉಂಟಾ ಅಂತ ಕೇಳಿದರೆ, ಉಂಟು. ಹಂಪನಕಟ್ಟೆ ಕಡೆ, ಮದುವೆ ಆಲ್ಬಮ್ ಮಾಡುವ ಸಣ್ಣ ಸ್ಟುಡಿಯೋ. ಕ್ಯಾಸೆಟ್ ಒಂದಕ್ಕೆ 400 ರೂಪಾಯಿ.

ನಾನು ಕೊಟ್ಟದ್ದು ಐದು. ಇಷ್ಟೂ ಮಳೆಗಾಲ ಹಪ್ಪಳದ ಡಬ್ಬಿಯಲ್ಲಿ ಕೂತು ಎರಡಕ್ಕೆ ಬಿಳಿ ಬೂಸ್ಟು ಹಿಡಿದಿತ್ತು. ಯಜಮಾನರು ಕಿಟಕಿಯ ಬೆಳಕಿಗೆ ಹಿಡಿದು, "ಹೀಗೇ ಹಾಕಿದ್ರೆ ನನ್ನ ಪ್ಲೇಯರಿನ ಹೆಡ್ ಹೋಗ್ತದೆ ಮಾರ್ರೆ" ಅಂದರು. ಕ್ಲೀನ್ ಮಾಡಲಿಕ್ಕೆ ಒಂದು ವಾರ ಹಿಡಿಯಿತು.

ಕ್ಯಾಸೆಟ್‌ನಲ್ಲಿ ಇದ್ದದ್ದು 2008ರ ಜೂನ್ 29, ಬೆಂಗಳೂರಿನ ಮೊದಲ ಪ್ರೈಡ್ ನಡಿಗೆ, ಅಂದರೆ ಸಲಿಂಗಿಗಳು, ಟ್ರಾನ್ಸ್‌ಜೆಂಡರ್‌ಗಳು ಬೀದಿಗಿಳಿದ ಮೆರವಣಿಗೆ. ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ತಲೆ ಮೇಲೆ ತೂಗುತ್ತಿದ್ದ ಕಾಲ, ಅದು ಅಪರಾಧ ಅಲ್ಲ ಅಂದ 2018ರ ಸುಪ್ರೀಂ ಕೋರ್ಟ್ ತೀರ್ಪಿಗೆ ಇನ್ನೂ ಹತ್ತು ವರ್ಷ. ನಾನು ಮುಖವಾಡ ಹಾಕಿಕೊಂಡೇ ಶೂಟ್ ಮಾಡಿದ್ದು. ಅದರ ತೂತಿಗೂ ವ್ಯೂಫೈಂಡರಿಗೂ ಹೊಂದದೆ ಅರ್ಧ ಫ್ರೇಮು ಬರೀ ಆಕಾಶ. ಈಗ ಉಡುಪಿಯ ಒಬ್ಬ ಹುಡುಗ, ಆಗ ಅವನಿಗೆ ನಾಲ್ಕು ವರ್ಷ, ಸ್ವಂತ ಖರ್ಚಲ್ಲಿ ಸಣ್ಣ ಸಿನಿಮಾ ಮಾಡ್ತಿದ್ದಾನೆ. "ಅಣ್ಣ, ನೀವೆಲ್ಲ ನಿಮ್ಮೊಳಗೆ ಹೇಗೆ ಮಾತಾಡ್ತಿದ್ರಿ ಅಂತ ಕೇಳ್ಬೇಕು ನಂಗೆ" ಅಂತ ಹಿಂದೆ ಬಿದ್ದ.

ಈ ಕ್ಯಾಸೆಟ್ ಓಡಿಸದೆ ಕಾಪಿ ಆಗುವುದಿಲ್ಲ. ಒಂದು ಗಂಟೆಯದ್ದಕ್ಕೆ ಒಂದು ಗಂಟೆಯೇ ಬೇಕು. ಅಂದರೆ ಅಂಗಡಿಯಲ್ಲಿ ಯಾರಾದರೂ ನೋಡಿಯೇ ನೋಡುತ್ತಾರೆ. ತರಲಿಕ್ಕೆ ಹೋದ ದಿನ ನನ್ನ ಕೈ ಬೆವರಿತ್ತು. ಯಜಮಾನರು ದನಿ ತಗ್ಗಿಸಿದರು: "ಕೆಲಸದ ಹುಡುಗನಿಗೆ ಕೊಡಲಿಲ್ಲ, ನಾನೇ ಹಾಕಿದ್ದು. ಕಡೆಗೆ ಕೆಲವರು ಮುಖವಾಡ ತೆಗೆದಿದ್ದಾರೆ. ಅವರನ್ನು ಕೇಳಿಯೇ ಹೊರಗೆ ಬಿಡಿ, ಆಯ್ತಾ?" ನನಗೇ ಹೊಳೆದಿರಲಿಲ್ಲ. ಈಗ ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಇದ್ದೇನೆ.

ತಕರಾರು ಒಂದೇ. ಐದನೆಯದರ ಕೊನೆಯ ನಾಲ್ಕು ನಿಮಿಷ ಕತ್ತರಿಸಿದ್ದರು. "ಕಪ್ಪು ಅಲ್ವಾ, ಎಂತದೂ ಇಲ್ಲ ಅಂತ ತೆಗೆದದ್ದು." ಲೆನ್ಸಿಗೆ ಮುಚ್ಚಳ ಹಾಕಿ ಕ್ಯಾಮರಾ ಆಫ್ ಮಾಡಲಿಕ್ಕೆ ಮರೆತದ್ದು ಅದು. ವಾಪಸ್ ಬರುವ ರಾತ್ರಿ ಬಸ್ಸು, ನಾವಿಬ್ಬರು ಮನೆಯಲ್ಲಿ ಹೇಳಲಿಕ್ಕೆ ತುಳುವಿನಲ್ಲಿ ಸುಳ್ಳು ಬಾಯಿಪಾಠ ಮಾಡ್ತಿದ್ದೇವೆ: ಯಾರ ಮದುವೆ, ಯಾವ ಹಾಲ್, ಊಟಕ್ಕೆ ಎಂತ ಇತ್ತು. ಪಾಯಸ ಕಡಲೆಬೇಳೆಯದ್ದೋ ಹೆಸರುಬೇಳೆಯದ್ದೋ ಅಂತ ಜಗಳ ಬೇರೆ. ಸಿನಿಮಾ ಮಾಡುವ ಹುಡುಗನಿಗೆ ಬೇಕಾದದ್ದು ಅದೇ. ಪುನಃ ಮಾಡಿಸಿದೆ, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೂ ಒಂದು ಸ್ಟಾರ್ ಹೋದದ್ದು ಅದಕ್ಕೇ.

ಹೋಗುವವರು ಮೊದಲೇ ಹೇಳಿಬಿಡಿ: ಕುಗ್ಗಿಸಿದ ಎಂಪಿ ಫೋರ್ ಬೇಡ, ಒರಿಜಿನಲ್ ಡಿವಿ ಫೈಲೇ ಬೇಕು ಅಂತ. ಗಂಟೆಗೆ ಸುಮಾರು 13 ಜಿಬಿ ಆಗ್ತದೆ, ಹಾರ್ಡ್ ಡಿಸ್ಕ್ ನೀವೇ ತಗೊಂಡು ಹೋಗಿ.