ಚಳಿಗಾಲದ ಯೆಲ್ಲೋಸ್ಟೋನ್: ಲಾಮಾರ್ ಕಣಿವೆಯೋ, ಓಲ್ಡ್ ಫೇತ್‌ಫುಲ್ಲೋ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಫೋಟೋ ತೆಗೆಯಲು ಎರಡೇ ದಿನವಿದ್ದರೆ ಮೊದಲು ರಸ್ತೆ ನೋಡಿ. ಉತ್ತರ ದ್ವಾರದ ಊರಾದ ಗಾರ್ಡಿನರ್‌ನಿಂದ ಲಾಮಾರ್ ಕಣಿವೆ ಹಾದು ಈಶಾನ್ಯದ ಊರಾದ ಕುಕ್ ಸಿಟಿಗೆ ಹೋಗುವ ದಾರಿ ಚಳಿಗಾಲದಲ್ಲೂ ಕಾರುಗಳಿಗೆ ತೆರೆದಿರುತ್ತದೆ. ಬಿಸಿನೀರು ಚಿಮ್ಮುವ ಬುಗ್ಗೆಯಾದ ಓಲ್ಡ್ ಫೇತ್‌ಫುಲ್‌ಗೆ ಡಿಸೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಸ್ನೋಕೋಚ್ (ಹಿಮದ ಮೇಲೆ ಓಡುವ ವ್ಯಾನು) ಅಥವಾ ಸ್ನೋಮೊಬೈಲೇ (ಹಿಮದ ಬೈಕು) ಗತಿ.

ಖರ್ಚಿನಲ್ಲಿ ಲಾಮಾರ್ ಹಗುರ, ಮೂರು ನಾಲ್ಕು ಜನ ಕಾರು ಹಂಚಿಕೊಂಡರಂತೂ ಇನ್ನೂ ಹಗುರ. ಸ್ನೋಕೋಚ್‌ಗೆ ತಲೆಗಿಷ್ಟು ಎಂದು ತೆರಬೇಕು, ನಿಲ್ಲುವ ಜಾಗವೂ ನಿಮ್ಮ ಕೈಯಲ್ಲಿಲ್ಲ. ಆದರೆ ಹಿಮದ ರಸ್ತೆಯಲ್ಲಿ ಓಡಿಸಿ ಅಭ್ಯಾಸವಿಲ್ಲದವರಿಗೆ ಅದೇ ಕ್ಷೇಮ.

ತೋಳ ಬೇಕೆಂದರೆ ಲಾಮಾರ್, ಬೆಳಕು ಹರಿಯುವ ಮುನ್ನವೇ ಅಲ್ಲಿರಬೇಕು. ತೋಳ, ಕರಡಿ, ಕೂಗರ್ (ಪೂಮಾ) ಗಳಿಂದ 91 ಮೀಟರ್, ಉಳಿದ ಪ್ರಾಣಿಗಳಿಂದ 23 ಮೀಟರ್ ದೂರವಿರುವುದು ನಿಯಮ. ಹಾಗಾಗಿ 500-600 ಎಂಎಂ ಲೆನ್ಸ್ ಇಲ್ಲದಿದ್ದರೆ ತೋಳ ಬರೀ ಚುಕ್ಕೆ. ಹೀಟರ್ ಹಾಕಿದ ಕಾರಿನ ಕಿಟಕಿಯಿಂದ ತೆಗೆಯಬೇಡಿ: ಬಿಸಿಗಾಳಿ ತಣ್ಣನೆಯ ಗಾಳಿಗೆ ಬೆರೆತು ಅಲೆಯಾಡುತ್ತದೆ, ಎಷ್ಟು ಫೋಕಸ್ ಮಾಡಿದರೂ ಚಿತ್ರ ಮಬ್ಬು.

ಓಲ್ಡ್ ಫೇತ್‌ಫುಲ್ ಸುತ್ತ 24-70 ಮತ್ತು 100-400 ಎಂಎಂ ಲೆನ್ಸ್ ಸಾಕು. ಬಿಸಿನೀರಿನ ಬುಗ್ಗೆಗಳ ಆವಿ ಮರಗಳ ಮೇಲೆ ಹೆಪ್ಪುಗಟ್ಟಿ ಕೊಂಬೆ ಕೊಂಬೆಯೂ ಬೆಳ್ಳಗಾಗಿರುತ್ತದೆ. ಕಾಡೆಮ್ಮೆಯಂಥ ಬೈಸನ್‌ನ ರೆಪ್ಪೆಯ ಮೇಲೂ ಹರಳು ಕೂತಿರುತ್ತದೆ. ಅದೇ ಆವಿ ಲೆನ್ಸ್ ಮೇಲೂ ಗಟ್ಟಿಯಾಗುತ್ತದೆ. ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿ, ಆಗ ಆವಿ ನಿಮ್ಮಿಂದಾಚೆಗೆ ಸಾಗುತ್ತದೆ.

ಎರಡೂ ಕಡೆ ಹಿಮ ಬೂದಿ ಬಣ್ಣಕ್ಕೆ ತಿರುಗದಂತೆ ಎಕ್ಸ್‌ಪೋಶರ್ (ಚಿತ್ರದ ಬೆಳಕು) +1ರಿಂದ +1.7ಕ್ಕೆ ಏರಿಸಿ, ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಬಲ ಅಂಚಿಗೆ ಬಡಿಯದಂತೆ ನೋಡಿ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿರಲಿ. ಕೋಣೆಗೆ ಹೋಗುವ ಮುನ್ನ ಹೊರಗೇ ಕ್ಯಾಮೆರಾ ಬ್ಯಾಗಿನೊಳಗಿಟ್ಟು ಜಿಪ್ ಮುಚ್ಚಿ, ಒಂದೆರಡು ಗಂಟೆ ತೆರೆಯಬೇಡಿ. ಇಲ್ಲವಾದರೆ ಲೆನ್ಸಿನೊಳಗೇ ನೀರು ಕಟ್ಟಬಹುದು.